ಬಿಳಿ ಪಟ್ಟಿ

ಅಡುಗೆಮನೆಯ ಭರಣಿಯಲ್ಲಿ ರುದ್ರಯ್ಯನ ಹೊಸ ಮೂತ್ರಪಿಂಡ ಬೆಳೆಯತೊಡಗಿ ಒಂಬತ್ತು ತಿಂಗಳಾಗಿತ್ತು. ಎಳೆಯ ಮೂತ್ರಪಿಂಡಕ್ಕೆ ಅಮೈನೋ ಆಮ್ಲ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ, ಕುಡಿಸಿದ್ದೆಲ್ಲ ಸೋರಿಹೋಗುತ್ತದೆ. ಹೆಂಡತಿ ನೀಲಾಂಬಿಕೆ ದಿನವೂ ಅದಕ್ಕೆ ಅಮೈನೋ ಆಮ್ಲದ ತಿಳಿಗಂಜಿ ಕುಡಿಸಿ, ಅದರಿಂದ ಸದಾ ಜಿನುಗುವ ನೀರಿಗೆ ಪರೀಕ್ಷೆಯ ಪಟ್ಟಿ ಅದ್ದುತ್ತಿದ್ದಳು. ದಿನವೂ ಸೋರಿದ ಆಮ್ಲಕ್ಕೆ ಪಟ್ಟಿ ನೇರಳೆಯಾಗುತ್ತಿತ್ತು; ಬಿಳಿಯಾಗಿಯೇ ಉಳಿದ ದಿನ ಮೂತ್ರಪಿಂಡವನ್ನು ಆಸ್ಪತ್ರೆಗೆ ಒಯ್ದು ಜೋಡಿಸಿಕೊಳ್ಳಬಹುದಿತ್ತು.

ಇವತ್ತು ಬಿಳಿಯಾಗಿಯೇ ಉಳಿಯಿತು.

"ಕಲಿತ್ಕೊಂಡ್ತು ಕಣ್ರೀ," ಎಂದಳು.

ಮೂರು ವರ್ಷ ಡಯಾಲಿಸಿಸ್‌ನಲ್ಲಿ ಸವೆದಿದ್ದ ರುದ್ರಯ್ಯ ಮೆಲ್ಲಗೆ ಗಡ್ಡ ಹೆರೆದುಕೊಂಡ, ಇಸ್ತ್ರಿ ಮಾಡಿದ ಅಂಗಿ ತೊಟ್ಟ. "ಆಸ್ಪತ್ರೆಗೆ ಆಟೋ ಕರೀಲಾ?"

ಭರಣಿಗೆ ಬಟ್ಟೆ ಸುತ್ತಲು ಹೋದ ನೀಲಾಂಬಿಕೆಗೆ ಒಲೆಯ ಪಕ್ಕದ ಲೋಟ ಕಾಣಿಸಿತು. ಬೆಳಗಿನ ಗಂಜಿ ಹಾಗೆಯೇ ಇತ್ತು. ಕುಡಿಸದೆಯೇ ಪಟ್ಟಿ ಅದ್ದಿದ್ದಳು.

ಈಗ ಕುಡಿಸಿ, ಹೊಸ ಪಟ್ಟಿ ಅದ್ದಿದಳು. ನೇರಳೆಯಾಯಿತು.

"ಅಂಗಿ ಬಿಚ್ಚಿಡಿ," ಎಂದಳು, "ಸುಕ್ಕಾಗುತ್ತೆ."