ಎಂಟನೇ ಸುತ್ತಿನಲ್ಲಿ

ಬ್ಯಾಟಿನ ಅಂಚಿಗೆ ತಾಗಿ ಹಿಂದಕ್ಕೆ ಚಿಮ್ಮಿದ ಚೆಂಡು ಎಫ್ರಾಯಿನನ ಮುಖಕವಚಕ್ಕೆ ಅಪ್ಪಳಿಸಿದಾಗ ಆರನೇ ಸುತ್ತು ನಡೆಯುತ್ತಿತ್ತು. ಬ್ಯಾಟ್ ಹಿಡಿದವನ ಬೆನ್ನಿಗೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್ ಅವನು. ಇಂಥ ಪೆಟ್ಟು ಹೊಸದಲ್ಲ. ಒಂದು ಗಳಿಗೆ ಮಂಡಿಯೂರಿ ಕೂತ. ಆಮೇಲೆ ಎದ್ದು, ಕಂಬಿಗಳ ಹಿಂದಿನಿಂದ ನಕ್ಕು, ಕೈಯೆತ್ತಿ ತೋರಿಸಿದ. ಗುಡ್ಡದೂರಿನಿಂದ ಬಸ್ಸು ಮಾಡಿಕೊಂಡು ಕರಾವಳಿಗೆ ಇಳಿದಿದ್ದ ಜನವೆಲ್ಲ ಚಪ್ಪಾಳೆ ತಟ್ಟಿದರು. ಅವರ ತಂಡ ಒಂದು ರನ್ ಮುಂದಿತ್ತು. ಪೋರ್ಟೊರಿಕೊದ ಊರೂರುಗಳ ನಡುವಿನ ಈ ಬೇಸ್‌ಬಾಲ್ ಕಪ್ ಅವರ ಅಪ್ಪಂದಿರ ಕಾಲದಿಂದಲೂ ಗುಡ್ಡದೂರಿನ ಕಡೆ ತಲೆಹಾಕಿರಲಿಲ್ಲ.

ಅನುಮಾನ ಮೊದಲು ಬಂದದ್ದು ಯಾದಿಯೆಲ್‌ಗೆ. ತಂಡಕ್ಕೆ ಚೆಂಡೆಸೆಯುವವನು ಅವನು. ಎಫ್ರಾಯಿನ್ ಅವನ ಅಕ್ಕ ನೆರೆಯ್ದಾಳ ಗಂಡ. ಯಾವ ಎಸೆತ ಬೇಕೆಂದು ಭಾವ ಬೆರಳಲ್ಲಿ ಸನ್ನೆ ಮಾಡುವುದು, ಇವನು ಅದರಂತೆ ಎಸೆಯುವುದು. ಹೀಗೇ ಇಬ್ಬರೂ ವರ್ಷಗಟ್ಟಲೆ ಆಡಿದ್ದರು. ಏಳನೇ ಸುತ್ತಿನಲ್ಲಿ ಭಾವ ತೋರಿಸಿದ ಸನ್ನೆಗೆ ಅರ್ಥವೇ ಇರಲಿಲ್ಲ. ಇನ್ನೊಮ್ಮೆ ತೋರಿಸುವಂತೆ ಇವನು ತಲೆಯಾಡಿಸಿದ. ಮತ್ತೆ ಅದೇ. ಯಾದಿಯೆಲ್ ತನಗೆ ತೋಚಿದ್ದನ್ನು ಎಸೆದ. ಭಾವನ ಕೈ ಬರೀ ರೂಢಿಯಿಂದ ಅದನ್ನು ಹಿಡಿಯಿತು.

ಉಳಿದವರಿಗೂ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಮೂರನೇ ಬೇಸ್ ಕಾಯುವವನು ಎಷ್ಟು ಜನ ಔಟಾಗಿದ್ದಾರೆಂದು ಎಸೆತ ಎಸೆತಕ್ಕೂ ಕೂಗಿ ಹೇಳತೊಡಗಿದ. ಬ್ಯಾಟಿಂಗ್ ಸರದಿ ಬಂದಾಗ ಜೊತೆಗಾರನೊಬ್ಬ ಎಫ್ರಾಯಿನನ ಕೈಗೆ ಬ್ಯಾಟ್ ಕೊಟ್ಟು, ಹೆಗಲು ಹಿಡಿದು ಮೈದಾನದ ಕಡೆ ತಿರುಗಿಸಿ ಕಳಿಸಿದ. ಅವನ ಬದಲಿಗೆ ಇದ್ದವನೆಂದರೆ ಬೇಕರಿಯ ತೀತೊ ಒಬ್ಬನೇ. ಬೊಜ್ಜು ಬಂದ ಮನುಷ್ಯ. ಕೊನೇ ಗಳಿಗೆಯಲ್ಲಿ ನೆಲಕ್ಕೆ ಮುಳುಗುವ ಯಾದಿಯೆಲ್‌ನ ಎಸೆತ ಅವನಿಗೆ ಅಭ್ಯಾಸದ ಆಟದಲ್ಲೂ ದಕ್ಕುತ್ತಿರಲಿಲ್ಲ.

ಎಂಟನೇ ಸುತ್ತಿಗೆ ಇಳಿಯುವ ಮುಂಚೆ ಯಾದಿಯೆಲ್ ಭಾವನ ಪಕ್ಕ ಕೂತು, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದ. ಎಫ್ರಾಯಿನ್ ಜನರತ್ತ ಕಣ್ಣು ಕಿರಿದು ಮಾಡಿ ನೋಡಿದ.

“ಮಾವ ಎಲ್ಲೋ? ಕಾಣ್ತಾನೇ ಇಲ್ಲ,” ಎಂದ. “ಫೈನಲ್ಲಿಗೆ ಬರ್ದೆ ಇರೋರಲ್ಲ ಅವರು.”

ಯಾದಿಯೆಲ್‌ನ ಅಪ್ಪ ಹೋದ ವರ್ಷವೇ ತೀರಿಕೊಂಡಿದ್ದರು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಎಫ್ರಾಯಿನ್ ಮುಂದಿದ್ದ.

“ಬರ್ತಾರೆ ಭಾವ,” ಎಂದ ಯಾದಿಯೆಲ್.

ಆ ಸುತ್ತಿನ ಮೊದಲ ಚೆಂಡು ಬ್ಯಾಟಿಗೆ ತಗುಲಿ ನೆಟ್ಟಗೆ ಆಕಾಶಕ್ಕೆ ಹೋಯಿತು. ಎಫ್ರಾಯಿನ್ ಕಣ್ಣುಮುಚ್ಚಿ ಹಿಡಿಯಬಹುದಾದ ಚೆಂಡು. ಅವನು ಮುಖ ಮೇಲೆತ್ತಿ, ಎರಡೂ ಕೈ ಚಾಚಿ, ಅದಿರದ ದಿಕ್ಕಿಗೆ ನಡೆದ. ಚೆಂಡು ಅವನ ಬೆನ್ನ ಹಿಂದೆ ಬಿತ್ತು. ಎದುರಾಳಿ ಊರಿನವರು ಗೊಳ್ಳೆಂದು ನಕ್ಕರು. ನೆರೆಯ್ದಾ ಮಾತ್ರ ಕೂತಲ್ಲಿಂದ ಎದ್ದು ನಿಂತಿದ್ದು ಯಾದಿಯೆಲ್‌ಗೆ ಕಂಡಿತು. ಮುಂದಿನ ಚೆಂಡು ಭಾವನ ಮುಖದ ಕಡೆಗೆ ಹೋಗಬೇಕಾದದ್ದು ತನ್ನ ಕೈಯಿಂದಲೇ ಎನ್ನುವುದು ಅವನಿಗೆ ಹೊಳೆಯಿತು. ಅವನು ಆಟ ನಿಲ್ಲಿಸಿ ಕೋಚ್ ದೋನ್ ಮೊಂಚೊ ಕೂತಲ್ಲಿಗೆ ಹೋದ. ಭಾವನಿಗೆ ಏನೂ ನೆನಪಾಗುತ್ತಿಲ್ಲ, ಹೊರಗೆ ಕರೆಸಿ ಎಂದ.

ಮುದುಕ ಅವನ ಮುಖ ನೋಡಲಿಲ್ಲ. “ನಂಗೇನು ಕಾಣ್ತಿಲ್ವಾ? ಇನ್ನಾರೇ ಔಟು ಕಣಪ್ಪ. ಹೇಗೋ ತಳ್ಳು.”

“ಹಾಗಾದ್ರೆ ನೀವೇ ಎಸೀರಿ,” ಎಂದು ಯಾದಿಯೆಲ್ ಚೆಂಡನ್ನು ಅವರ ತೊಡೆಯ ಮೇಲಿಟ್ಟ.

ಕೊನೆಗೂ ಕೋಚ್ ಹೊರಗೆ ಕರೆದಾಗ ಎಫ್ರಾಯಿನ್ ಕವಚ ಕಿತ್ತೆಸೆದ. ಅಕ್ಕನ ಗಂಡ ಅಂತಲೂ ನೋಡಲಿಲ್ಲವಲ್ಲೋ ಎಂದು ಯಾದಿಯೆಲ್‌ನನ್ನು ಬೈದು, ಬಿರಬಿರನೆ ನಡೆದು, ಎದುರಾಳಿಗಳ ಬೆಂಚಿನಲ್ಲಿ ಹೋಗಿ ಕೂತ. ನಗುತ್ತಿದ್ದ ಜನ ಸುಮ್ಮನಾದರು. ಆ ಕಡೆಯ ಹುಡುಗನೊಬ್ಬ ಮೆಲ್ಲನೆ ತೋಳು ಹಿಡಿದು ಎಬ್ಬಿಸಿ ಅವನನ್ನು ಈಚೆ ಕರೆತಂದ.

ಕೊನೆಯ ಸುತ್ತಿನಲ್ಲಿ ಯಾದಿಯೆಲ್ ಎಸೆದ ಚೆಂಡು ಭಾವನ ಜಾಗಕ್ಕೆ ಇಳಿದಿದ್ದ ತೀತೊನ ಕಾಲ ಸಂದಿಯಲ್ಲಿ ನುಸುಳಿ ಹಿಂದಿನ ಬೇಲಿಯವರೆಗೆ ಉರುಳಿತು. ಅವನು ಏದುಸಿರು ಬಿಡುತ್ತ ಅದನ್ನು ಹೆಕ್ಕುವಷ್ಟರಲ್ಲಿ ಎದುರಾಳಿಗಳಲ್ಲಿ ಇಬ್ಬರು ಓಡಿ ರನ್ ಮುಗಿಸಿದ್ದರು. ಪಂದ್ಯವೂ ಮುಗಿದಿತ್ತು. ಯಾದಿಯೆಲ್‌ನನ್ನು ಯಾರೂ ಏನೂ ಅನ್ನಲಿಲ್ಲ. ಊರಿಗೆ ಹೊರಡಬೇಕಿದ್ದ ಬಸ್ಸು ಆಸ್ಪತ್ರೆಯ ಮುಂದೆ ನಿಂತಿತು.

ತಲೆಯೊಳಗೆ ಒಂದಿಷ್ಟು ರಕ್ತ ಕಟ್ಟಿದೆ, ಬೆಳಗಿನ ತನಕ ಏನೂ ಹೇಳಲಾಗದು ಎಂದರು ಡಾಕ್ಟರು. ಎಫ್ರಾಯಿನ್ ಹಾಸಿಗೆಯ ಮೇಲೆ ಎಚ್ಚರವಾಗಿಯೇ ಇದ್ದ. “ಗೆದ್ವಾ?” ಎಂದು ಕೇಳಿದ. ಸೋತೆವೆಂದು ಯಾದಿಯೆಲ್ ಹೇಳಿದ. ಅವನು ಗೋಡೆಯ ಕಡೆ ಹೊರಳಿ ಮಗುವಿನಂತೆ ಅತ್ತ. ತುಸು ಹೊತ್ತಿಗೆ ಈಚೆ ತಿರುಗಿದಾಗ ಕಣ್ಣಿನ ನೀರು ಇನ್ನೂ ಆರಿರಲಿಲ್ಲ, ಆದರೆ ಮುಖದಲ್ಲಿ ಅದೇ ಆಸೆ. ಮತ್ತೆ ಕೇಳಿದ.

ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದ ತೀತೊ, “ಗೆದ್ವಿ ಕಣೋ,” ಎಂದ.

ಆಮೇಲೆ ಕೇಳಿದಾಗಲೆಲ್ಲ ಒಬ್ಬರಲ್ಲ ಒಬ್ಬರು ಅದನ್ನೇ ಹೇಳಿದರು. ನೆರೆಯ್ದಾ ತಮ್ಮನನ್ನು ಹೊರಗೆಳೆದುಕೊಂಡಳು.

“ಎಲ್ರೂ ಸೇರಿ ಯಾಕೋ ಹೀಗೆ ಸುಳ್ಳು ಹೇಳ್ತೀರ? ನಾಳೆ ನೆನಪು ಬಂದ್ಮೇಲೆ ಒಬ್ಬೊಬ್ಬರನ್ನೂ ನಿಲ್ಲಿಸ್ಕೊಂಡು ಬೈತಾರೆ.”

“ಬೈಲಿ ಅಕ್ಕ,” ಎಂದ ಯಾದಿಯೆಲ್. “ಬೈದ್ರೆ ಸಾಕು.”