ಕತ್ತರಿ ಕಸುಬಿನ ವರ್ಗಾವಣೆ

ಕಸುಬನ್ನು ಮೈಯಿಂದ ತೆಗೆದು ಇನ್ನೊಬ್ಬರಿಗೆ ಕೊಡುವುದು ಗದಗಿನಲ್ಲಿ ಈಗ ರೇಷನ್ ಕಾರ್ಡಿಗೆ ಹೆಸರು ಸೇರಿಸಿದಷ್ಟೇ ಸಾಮಾನ್ಯ, ಅಷ್ಟೇ ತಲೆನೋವು. ತೆಗೆದ ಕಸುಬು ನಿಂಬೆಹಣ್ಣಿನಷ್ಟಿರುತ್ತದೆ. ಅದನ್ನು ಯಾವುದಾದರೂ ಒಂದು ಕೈ ಹಿಡಿದೇ ಇರಬೇಕು. ಎಲ್ಲ ಕೈಗಳೂ ಬಿಟ್ಟ ಗಳಿಗೆಯಲ್ಲೇ ಅದು ಇಲ್ಲವಾಗುತ್ತದೆ. ವರ್ಗಾವಣೆ ಕಚೇರಿಯ ಗುಮಾಸ್ತೆ ಇಂದುಮತಿ ಇದನ್ನು ಬೆಳಗಿನಿಂದ ಹನ್ನೊಂದನೆಯ ಸಲ ಹೇಳುತ್ತಿದ್ದಳು.

"ಯಮ್ಮಾ, ಮೇಜಿನ ಮ್ಯಾಲ ಇಡಬ್ಯಾಡ್ರಿ. ಸೊಸಿ ಹಿಡಕೊಂಡ ಮ್ಯಾಲ ನೀವು ಬಿಡ್ರಿ."

ಗಂಗವ್ವ ನಲವತ್ತು ವರ್ಷ ಕುಪ್ಪಸ ಕತ್ತರಿಸಿ ಹೊಲಿದವಳು. ಆ ಕಸುಬು ಈಗ ಅವಳ ಮುಷ್ಟಿಯಲ್ಲಿತ್ತು, ಬೇರೆಲ್ಲೂ ಇರಲಿಲ್ಲ. "ಕತ್ತರಿ ಕೆಲಸ ಐತವ್ವ ಇದು. ಕತ್ತರಿ ಕೈಯಿಂದ ಕೈಗೆ ಕೊಟ್ರ ಜಗಳ ಹತ್ತತಾವ. ಕೆಳಗ ಇಡ್ತೀನಿ, ಆಕಿ ತಗೋಲಿ."

"ಈಗೇನ ಭಾಳ ಚಂದ ಅದೀವೇನ್ರಿ, ಅತ್ತಿ?" ಎಂದಳು ಸೊಸೆ ರುದ್ರವ್ವ. ಹಾಗೆಂದರೂ ಅವಳು ಕೈ ಚಾಚಲಿಲ್ಲ.

"ಹ್ವಾದ ವಾರ ಒಬ್ರು ಉಪ್ಪಿನಕಾಯಿ ಕಸುಬು ಹಿಂಗ ಕೆಳಗ ಇಟ್ರು. ಮಗಳು ಎತ್ತೋದ್ರಾಗ ಬರೇ ಮೇಜು ಉಳೀತ್ರಿ!" ಎಂದಳು ಇಂದುಮತಿ.

ಗಂಗವ್ವ ಜಗ್ಗಲಿಲ್ಲ. ಬೆರಳು ಸಡಿಲಿಸುತ್ತ ಕೈ ಇಳಿಸಿಯೇಬಿಟ್ಟಳು. ಇಂದುಮತಿ ಹಲ್ಲು ಕಚ್ಚಿ ತನ್ನ ಅಂಗೈಯನ್ನೇ ಮೇಜಿನ ಮೇಲೆ ಹಾಸಿದಳು. "ಇದನ್ನ ಮೇಜು ಅಂತ ತಿಳಕೋರಿ. ಇಡ್ರಿ!"

ಮುದುಕಿ ಸಮಾಧಾನದಿಂದ ಇಟ್ಟಳು. ರುದ್ರವ್ವ ಅಷ್ಟೇ ಸಮಾಧಾನದಿಂದ ಎತ್ತಿಕೊಂಡಳು. ಕಸುಬು ಉಳಿಯಿತು. ಇಂದುಮತಿ ಉಸಿರು ಬಿಟ್ಟು ಠಸ್ಸೆ ಒತ್ತಿ ಕಾಗದ ಮುಂದೆ ಸರಿಸಿದಳು.

ಅತ್ತೆ, ಸೊಸೆ ಕಾಗದ ಮುಟ್ಟಲಿಲ್ಲ. ಇಬ್ಬರೂ ಒಟ್ಟಿಗೆ ಅವಳ ಅಂಗೈಯನ್ನೇ ದಿಟ್ಟಿಸುತ್ತಿದ್ದರು.

"ಏನವ್ವಾ," ಎಂದಳು ಗಂಗವ್ವ, "ನಮ್ಮ ಕಸುಬು ನೀ ಯಾಕ ಹಿಡದಿ?"

"ಕೇಳ್ರಿ ಅತ್ತಿ, ಬಿಡಬ್ಯಾಡ್ರಿ," ಎಂದಳು ರುದ್ರವ್ವ.