ಅಂಟಿಸಿದ ಚೀಟಿಗಳು

ಅಪ್ಪ ಅಮ್ಮ ಕೂತ ಗಾಡಿ ಆಸ್ಪತ್ರೆಯ ಕಡೆಗೆ ತಿರುಗಿತೋ ಇಲ್ಲವೋ, ದೊಡ್ಡವಳು ಅಂಗಡಿಯ ಬಾಗಿಲು ಎಳೆದುಕೊಂಡು ಡಬ್ಬಿಗೆ ಕೈ ಹಾಕಿದಳು. ಒಳಗೆ ಎರಡು ಚೀಟಿ. ಎರಡೂ ನಾಲ್ಕು ಮಡಿಕೆ. ಅಂಚಿಗೆಲ್ಲ ಅಂಟು ಬಳಿದು ಒತ್ತಿದ್ದಾಳೆ ಮಹರಾಯ್ತಿ! ಬಿಡಿಸಿದರೆ ಹರಿಯುತ್ತದೆ, ಹರಿದರೆ ಗೊತ್ತಾಗುತ್ತದೆ.

ಬಿಡಿಸಿ ನೋಡುವ ಅಗತ್ಯವೂ ಅವಳಿಗೆ ಕಾಣಲಿಲ್ಲ. ಎರಡರಲ್ಲೂ 'ಚಿಕ್ಕವಳು' ಎಂದೇ ಇರುತ್ತದೆ. ಬರೆದವಳು ತಂಗಿ. ಅವಳ ಕಳ್ಳಾಟ ಇಂದು ನಿನ್ನೆಯದಲ್ಲ. ಚಿಕ್ಕಂದಿನಲ್ಲಿ ಯಾವ ಆಟವನ್ನಾದರೂ ಅವಳು ನೆಟ್ಟಗೆ ಆಡಿದ್ದುಂಟೇ?

ತಂಗಿಯನ್ನು ಮನೆಯವರು ಸೂಜಿ ಎನ್ನುತ್ತಿದ್ದರು. ಮೈ ಸಣ್ಣ, ಮಾತು ಚೂಪು. ಕಾಲೇಜಿನ ಎದುರಿನ ಈ ಬೈಂಡಿಂಗ್ ಅಂಗಡಿಯಲ್ಲೇ ಇಬ್ಬರೂ ಬೆಳೆದದ್ದು. ಯಾರ್ಯಾರದೋ ಪ್ರಬಂಧಗಳಿಗೆ ಹೊಲಿಗೆ ಹಾಕಿ, ರಟ್ಟು ಕಟ್ಟಿ, ಬೆನ್ನಿನ ಮೇಲೆ ಯಾರ್ಯಾರದೋ ಹೆಸರು ಒತ್ತಿ ಕೊಟ್ಟದ್ದಾಯಿತು. ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ದೊಡ್ಡವಳು ಒಂದು ವರ್ಷ ಓದು ಬಿಟ್ಟು ಅಂಗಡಿ ನಡೆಸಿದಳು. ಹಾಗಾಗಿ ಡಿಗ್ರಿ ಮುಗಿಸುವಾಗ ಇಬ್ಬರೂ ಒಂದೇ ತರಗತಿ.

ಈಗ ದೂರದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ.ಗೆ ಇಬ್ಬರಿಗೂ ಸೀಟು ಸಿಕ್ಕಿದೆ. ಹೋಗಬಹುದಾದದ್ದು ಒಬ್ಬಳು. ಇನ್ನೊಬ್ಬಳು ಅಪ್ಪನನ್ನೂ ಅಂಗಡಿಯನ್ನೂ ನೋಡಿಕೊಂಡು ಕೂರಬೇಕು. ಎರಡೇ ವರ್ಷ ಎಂದು ಬಾಯಲ್ಲಿ ಹೇಳಿಕೊಂಡರೂ, ಕೂತವಳು ಕೂತೇಬಿಡುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಇಂಥವಳು ಹೋಗಲಿ ಎನ್ನಲು ಅಮ್ಮನಿಗೆ ಬಾಯಿ ಬರಲಿಲ್ಲ. "ನನಗೆ ಎರಡು ಕಣ್ಣೂ ಒಂದೇ. ಚೀಟಿ ಎತ್ತೋಣ," ಎಂದಳು. "ಒಂದರಲ್ಲಿ ದೊಡ್ಡವಳು ಅಂತ ಬರೀರಿ, ಒಂದರಲ್ಲಿ ಚಿಕ್ಕವಳು ಅಂತ ಬರೀರಿ. ಸಂಜೆ ನಿಮ್ಮಪ್ಪ ಎತ್ತಲಿ."

"ನಾನು ಬರೀತೀನಿ," ಎಂದು ಸೂಜಿ ಮುಂದೆ ಬಿದ್ದಳು. ಮೂಲೆಗೆ ಹೋಗಿ ಬರೆದಳು, ಮಡಿಸಿದಳು, ಅಂಟು ಬಳಿದಳು. "ಇನ್ನು ಯಾರೂ ಇಣುಕೋ ಹಾಗಿಲ್ಲ."

"ತಾ ಕಳ್ಳಿ, ಪರರ ನಂಬಳು," ಎಂದು ಅಮ್ಮ ನಕ್ಕಳು. ದೊಡ್ಡವಳಿಗೆ ನಗು ಬರಲಿಲ್ಲ. ಬೆಳಿಗ್ಗೆ ಸೂಜಿ ಗೆಳತಿಯೊಡನೆ ಫೋನಿನಲ್ಲಿ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು. "ಇಂಥದ್ದನ್ನ ಅದೃಷ್ಟಕ್ಕೆ ಬಿಡೋಕಾಗತ್ತೇನೇ? ಚೀಟಿ ನಾನು ಅಂದುಕೊಂಡ ಹಾಗೇ ಬರತ್ತೆ, ನೋಡ್ತಿರು." ಸಾಲದ್ದಕ್ಕೆ ಅವಳ ಚೀಲದಲ್ಲಿ ಹಾಸ್ಟೆಲ್ ಫಾರಂ ಬೇರೆ. ಚೀಟಿ ಎತ್ತುವ ಮೊದಲೇ ಹಾಸ್ಟೆಲ್ ಫಾರಂ!

ಹೊಟ್ಟೆ ಉರಿದುಹೋಯಿತು. ಒಂದು ವರ್ಷ ಕೊಟ್ಟವಳು ನಾನು. ಇನ್ನು ಬಾಳೆಲ್ಲ ಕೊಡಬೇಕೇ? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು.

ಸೂಜಿ, ಕಟ್ಟಿದ ಪುಸ್ತಕಗಳನ್ನು ಕಾಲೇಜಿನ ವಿಭಾಗಗಳಿಗೆಲ್ಲ ಮುಟ್ಟಿಸಲು ಹೋಗಿದ್ದಳು. ಬರಲು ಅರ್ಧ ಗಂಟೆಯಾದರೂ ಬೇಕು. ದೊಡ್ಡವಳು, ಸೂಜಿ ಚೀಟಿಗೆಂದು ಹರಿದಿದ್ದ ರದ್ದಿ ಹಾಳೆಯಿಂದಲೇ ಎರಡು ತುಂಡು ಕತ್ತರಿಸಿದಳು. ತಂಗಿಯ ಕೈಬರಹ ಅವಳಿಗೆ ನೀರು ಕುಡಿದಷ್ಟು ಸಲೀಸು, ಅಕ್ಷರ ತಿದ್ದಿಸಿದವಳೇ ಅವಳಲ್ಲವೇ? ಎರಡರಲ್ಲೂ 'ದೊಡ್ಡವಳು' ಎಂದು ಬರೆದು, ಮಡಿಸಿ, ಅಂಟಿಸಿ ಡಬ್ಬಿಗೆ ಹಾಕಿದಳು. ಹಳೆಯ ಎರಡನ್ನು ಪರ್ಸಿನ ಒಳಜೇಬಿಗೆ ತುರುಕಿದಳು.

ಸಂಜೆ ಅಪ್ಪ ಎಡಗೈಯಲ್ಲಿ ತಡವರಿಸಿ ಒಂದು ಚೀಟಿ ಎತ್ತಿದ. ಅಮ್ಮ ಅಂಚು ಹರಿದು ನೋಡಿದಳು. "ದೊಡ್ಡವಳು," ಎಂದಳು.

ಸೂಜಿ ಚಪ್ಪಾಳೆ ತಟ್ಟಿ ಕುಣಿದಳು. ಏನು ನಟನೆ! "ಕೊಡಮ್ಮ ಇಲ್ಲಿ," ಎಂದು ಚೀಟಿ ಕಿತ್ತುಕೊಂಡಳು. ಓದಿದಳು. ಮುಖದ ಬಣ್ಣ ಇಳಿದುಹೋಯಿತು. ಒಂದೇ ಪದದ ಚೀಟಿಯನ್ನು ಅಷ್ಟು ಹೊತ್ತು ನೋಡಿದಳು.

ಉಳಿದ ಚೀಟಿಯನ್ನು ಯಾರಾದರೂ ಬಿಡಿಸಿದರೆ ಮುಗಿಯಿತು. ದೊಡ್ಡವಳು ಕೈ ಚಾಚುವ ಮೊದಲೇ ಸೂಜಿ ಅದನ್ನು ಎತ್ತಿ, ಅಂಟು ಕುದಿಯುತ್ತಿದ್ದ ಒಲೆಗೆ ಹಾಕಿಬಿಟ್ಟಳು.

"ಇನ್ನೊಂದರಲ್ಲಿ ಏನಿರತ್ತೆ ಅಂತ ಗೊತ್ತೇ ಇದೆಯಲ್ಲ," ಎಂದಳು, ದೊಡ್ಡವಳ ಕಡೆ ನೋಡದೆ.

ಗೊತ್ತಾಗಿದೆ ಅವಳಿಗೆ, ಎಂದುಕೊಂಡಳು ದೊಡ್ಡವಳು. ಆದರೆ ಬಾಯಿ ಬಿಡುವ ಹಾಗಿಲ್ಲ. ಕಳ್ಳನಿಗೆ ಚೇಳು ಕುಟುಕಿದ ಹಾಗಾಯಿತು. ಆಗಲಿ, ಚೆನ್ನಾಗಿ ಆಗಲಿ.

ಸೂಜಿ ಜಗಳ ಮಾಡಲಿಲ್ಲ. ಹಾಸ್ಟೆಲ್ ಫಾರಂ ತಂದುಕೊಟ್ಟಳು, ಬಟ್ಟೆ ಮಡಿಸಿಕೊಟ್ಟಳು, ತನ್ನ ಒಳ್ಳೆಯ ಶಾಲನ್ನೂ ಪೆಟ್ಟಿಗೆಯಲ್ಲಿಟ್ಟಳು. ದಿನಕ್ಕೆ ನೂರು ಸಲ ಅಕ್ಕ, ಅಕ್ಕ ಎಂದು ತಲೆ ತಿನ್ನುತ್ತಿದ್ದವಳು ಹೊರಡುವ ದಿನದವರೆಗೂ ಒಂದು ಸಲವೂ ಹಾಗೆ ಕರೆಯಲಿಲ್ಲ. ಬಸ್ಸಿನ ಕಿಟಕಿಯ ಕೆಳಗೆ ನಿಂತು, ಅಂಟು ಒಣಗಿದ ಕೈ ಎತ್ತಿ ಹೇಳಿದಳು.

"ಹುಷಾರಾಗಿ ಹೋಗು, ದೊಡ್ಡವಳೇ."

ಬಸ್ಸು ಊರು ದಾಟಿತು. ಗೆದ್ದೆ ಎಂದುಕೊಂಡರೂ ದೊಡ್ಡವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಹಳೆಯ ಚೀಟಿಗಳನ್ನು ಇಷ್ಟು ದಿನ ಮುಟ್ಟಿರಲಿಲ್ಲ. ತಂಗಿಯ ಮೋಸವನ್ನು ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ಮನಸ್ಸು ಹಗುರಾದೀತು. ಪರ್ಸಿನಿಂದ ತೆಗೆದು, ಉಗುರಿನಿಂದ ಅಂಚು ಕಿತ್ತು ಮೊದಲನೆಯದನ್ನು ಓದಿದಳು. ಎರಡನೆಯದನ್ನು ಹರಿದೇ ತೆಗೆದಳು.

ಎರಡರಲ್ಲೂ ಸೂಜಿಯ ಕೈಬರಹದಲ್ಲಿ 'ಅಕ್ಕ' ಎಂದಿತ್ತು.